ಶಾಲೆಯ ವರ್ಷ ಯಾರ ಕೈಯಲ್ಲಿರಬೇಕು?

ತೆಲಂಗಾಣದ ಪಟಾನ್‌ಚೆರುವಿನ ಸರ್ಕಾರಿ ಶಾಲೆ ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುವುದು ಜೂನ್ 12ಕ್ಕೆ. ಅದೇ ಹೆದ್ದಾರಿಯಲ್ಲಿ ಜಹೀರಾಬಾದ್ ದಾಟಿ ಕರ್ನಾಟಕದ ಹುಮನಾಬಾದಿಗೆ ಬಂದರೆ, ಅಲ್ಲಿ ಮೇ ಕೊನೆಗೇ ಪಾಠ ಶುರುವಾಗಿರುತ್ತದೆ. ಬಿಸಿಲು ಎರಡೂ ಊರಿಗೆ ಒಂದೇ. ರಜೆ ಮಾತ್ರ ಬೇರೆ. ಒಂದು ಹೈದರಾಬಾದಿನಲ್ಲಿ ಗೊತ್ತಾಗುತ್ತದೆ, ಇನ್ನೊಂದು ಬೆಂಗಳೂರಿನಲ್ಲಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಆಶಯ ಇದಲ್ಲ. ಐದನೇ ತರಗತಿವರೆಗೆ 200 ದಿನ, 800 ಗಂಟೆ; ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ ಎಂದು ಅದು ಕನಿಷ್ಠ ಮಿತಿ ಹಾಕಿತು. ಶಾಲಾ ವರ್ಷದ ವೇಳಾಪಟ್ಟಿ ನಿರ್ಧರಿಸುವ ಕೆಲಸವನ್ನು 9ನೇ ಕಲಮಿನಲ್ಲಿ ಸ್ಥಳೀಯ ಪ್ರಾಧಿಕಾರಕ್ಕೆ ಒಪ್ಪಿಸಿತು. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯೂ ಅದೇ ಕಲಮಿನಲ್ಲಿದೆ.

ಈ ಎರಡು ಹೊಣೆಗಳ ನಂಟು ಕಾಣಬೇಕಾದರೆ ಪಟಾನ್‌ಚೆರು ಇರುವ ಸಂಗಾರೆಡ್ಡಿ ಜಿಲ್ಲೆಯ ಇಟ್ಟಿಗೆ ಭಟ್ಟಿಗಳತ್ತ ನೋಡಬೇಕು. ಒಡಿಶಾದ ಕುಟುಂಬಗಳು ಚಳಿಗಾಲದ ಹೊತ್ತಿಗೆ ಬಂದು, ಮಳೆ ಹಿಡಿಯುವ ಮೊದಲು ಊರಿಗೆ ಹೊರಡುತ್ತವೆ. ಜೂನ್‌ನಲ್ಲಿ ಹಾಜರಿ ಪುಸ್ತಕ ತೆರೆಯುವ ಶಾಲೆಗೆ ಆ ಮಕ್ಕಳು ಯಾವಾಗಲೂ ನಡುವರ್ಷದ ಅತಿಥಿಗಳು.

ಇಂಥ ಮಕ್ಕಳನ್ನು ಗಮನಿಸದೆ ಶಿಕ್ಷಣ ಇಲಾಖೆ ದಿನಗಳನ್ನಷ್ಟೇ ಎಣಿಸುತ್ತದೆ. ತೆಲಂಗಾಣದಲ್ಲಿ ಮಾರ್ಚ್ ನಡುವಿನಿಂದ ‘ಒಂಟಿಪೂಟ ಬಡಿ’, ಅಂದರೆ ಅರ್ಧ ದಿನದ ಶಾಲೆ: ಬೆಳಗ್ಗೆ 8ಕ್ಕೆ ಆರಂಭ, 12.30ಕ್ಕೆ ಬಿಸಿಯೂಟ, ಆಮೇಲೆ ಮನೆ. ಲೆಕ್ಕದಲ್ಲಿ ಅದೂ ಒಂದು ದಿನವೇ. 1000 ಗಂಟೆಯನ್ನು 220 ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕೂವರೆ ಗಂಟೆ ಮೀರುತ್ತದೆ. ಪ್ರಾರ್ಥನೆ, ವಿರಾಮ ಕಳೆದರೆ ಒಂಟಿಪೂಟದಲ್ಲಿ ಅಷ್ಟು ಪಾಠ ಸಿಗದು. 2019ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ (ಆರ್‌ಟಿಸಿ) ನೌಕರರ ಮುಷ್ಕರದಿಂದ ದಸರಾ ರಜೆ ಅಕ್ಟೋಬರ್ 19ರವರೆಗೆ ಬೆಳೆಯಿತು. ಇಂಥ ನಷ್ಟಕ್ಕೆ ಶನಿವಾರದ ತೇಪೆ ಹಾಕುವುದು ಎಲ್ಲ ಸರ್ಕಾರಗಳ ರೂಢಿ. ಕೇರಳ 2024ರಲ್ಲಿ 220 ದಿನ ತುಂಬಿಸಲು 25 ಶನಿವಾರಗಳನ್ನು ಶಾಲೆಗೆ ಸೇರಿಸಿತು. ಹೈಕೋರ್ಟ್ ಅದನ್ನು ರದ್ದುಮಾಡಿತು. ಮರುವರ್ಷ ಪ್ರೌಢಶಾಲೆಗಳ ದಿನ ಅರ್ಧ ಗಂಟೆ ಹಿಗ್ಗಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ವೇಳೆ ಬಂತು. ಕೊನೆಗೂ ಲೆಕ್ಕ ದಿನದಿಂದ ಗಂಟೆಗೆ ಹೊರಳಿತು.

ಕಾಯ್ದೆ ಹೇಳುವಂತೆ ಸ್ಥಳೀಯವಾಗಿ ನಿರ್ಧರಿಸಿ ಜಿಲ್ಲೆಗೊಂದು ವೇಳಾಪಟ್ಟಿಯಾದರೆ ಪರೀಕ್ಷೆ, ಶಿಕ್ಷಕರ ವರ್ಗಾವಣೆ ಎಲ್ಲ ಗೊಂದಲವಾಗುವುದಿಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆಂದೇ ವಾರ್ಷಿಕ ಪರೀಕ್ಷೆಯ ದಿನಾಂಕ, ಕಲಿಕೆಯ ಕನಿಷ್ಠ ಗಂಟೆ ಎರಡನ್ನೂ ರಾಜ್ಯವೇ ನಿಗದಿಮಾಡಲಿ. ರಜೆ ಯಾವಾಗ, ಬಿಸಿಲಿಗೆ ಗಂಟೆ ಎಷ್ಟಕ್ಕೆ ಬಾರಿಸಬೇಕು, ತಡವಾಗಿ ಬಂದ ಮಗುವಿಗೆ ಪಾಠ ಹೇಗೆ ತುಂಬಿಕೊಡಬೇಕು ಎಂಬುದನ್ನು ಜಿಲ್ಲೆ ನಿರ್ಧರಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವ ಕಾನೂನನ್ನು ಪಾಲಿಸಿದರೆ ಸಾಕು.