ಜ್ವರ ಬಿಟ್ರ ಮುಗೀತೇನ್ರಿ?

ಹೋದ ವಾರ ಲಿಂಗಸುಗೂರಿಗೆ ಒಂದು ಕುಬಸಕ್ಕ ಹೋಗಿದ್ದೆ. ಉಡಿ ತುಂಬಿ ಊಟಕ್ಕ ಕುಂತಾಗ ನಮ್ಮ ತಂಗಿ ಮೊಮ್ಮಗಳ ಮಾತು ಬಂತು. "ಹುಡುಗಿ ಕುಣಕೋಂತ ಅದಾಳ, ಮತ್ಯಾಕ ಗುಳಿಗಿ, ಎಕೋ ಅಂತ ರೊಕ್ಕ ಹಾಳ ಮಾಡ್ತೀರಿ?" ಅಂದ್ರು ಒಬ್ರು. ಇನ್ನೊಬ್ರು ಮೆಲ್ಲಕ, "ಹಾರ್ಟಿನ ಸುದ್ದಿ ಮಂದಿ ಮುಂದ ಆಡಬ್ಯಾಡ್ರಿ. ಹೆಣ್ಣ ಹುಡುಗಿ, ನಾಳೆ ಯಾರು ಮಾಡ್ಕೋಬೇಕು?" ಅಂದ್ರು. ಹಿರ್ಯಾರು ಅಂತ ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಂಗಿಲ್ಲ.

ಮೊದಲ ನನ್ನ ತಪ್ಪು ಹೇಳ್ತೀನಿ. ಆ ಕೂಸಿಗೆ ಮೂರು ವರ್ಷ ಇದ್ದಾಗ ಮಸ್ಕ್ಯಾಗ ಜ್ವರ ಹಿಡೀತು, ಐದು ದಿನ ಆದ್ರೂ ಇಳೀಲಿಲ್ಲ. ಕಣ್ಣು ಕೆಂಪಗ, ಕೀವು ಮಾತ್ರ ಇಲ್ಲ. ತುಟಿ ಒಡದಿದ್ವು, ನಾಲಿಗಿ ಕೆಂಪಗ ಗುಳ್ಳಿ ಗುಳ್ಳಿ, ಮೈತುಂಬ ಗಂಧಿ, ಅಂಗೈ ಅಂಗಾಲು ಬಾತಿದ್ವು. ಸಿಂಧನೂರಿಂದ ಓಡಿ ಹೋದ ನಾನೇ "ಅಮ್ಮ ಬಂದಾಳ" ಅಂತ ಬಾಗಿಲಿಗೆ ಬೇವಿನ ತೊಪ್ಪಲ ಕಟ್ಟಿಸಿದೆ. ಅದರಾಗ ಎರಡು ದಿನ ಹೋದ್ವು. ಆಮ್ಯಾಲ ರಾಯಚೂರಿನ್ಯಾಗ ಮಕ್ಕಳ ಡಾಕ್ಟರು ನೋಡಿ ಕವಾಸಾಕಿ ಅಂದ್ರು. ಎಕೋದಾಗ ಹೃದಯಕ್ಕ ರಕ್ತ ಕೊಡೋ ನರ ಒಂದು ಕಡೆ ಉಬ್ಬಿತ್ತು.

ಕವಾಸಾಕಿ ಅಂದ್ರ ಜಪಾನಿನ ಡಾಕ್ಟರ ಹೆಸರು. 1967ರಾಗ 50 ಮಕ್ಕಳನ್ನ ನೋಡಿ ಬರದಾಗ ಅವರೂ ಇದು ತಾನೇ ವಾಸಿ ಆಗೋ ಜಡ್ಡು ಅಂತಾನೇ ತಿಳದಿದ್ರು. ಆರಾಮಾದ್ವು ಅಂದ ಮಕ್ಕಳ ಪೈಕಿ ಕೆಲವು ಹಠಾತ್ತನೆ ತೀರಿಕೊಂಡ್ವು, ಆವಾಗ ಹೃದಯದ ಕಥಿ ಗೊತ್ತಾತು. ಅಷ್ಟು ದೊಡ್ಡ ಡಾಕ್ಟರೇ ಜ್ವರ ಬಿಟ್ಟದ್ದು ನೋಡಿ ಮೋಸ ಹೋದ್ರು, ಊಟದ ಪಂಕ್ತ್ಯಾಗ ಕುಂತು ತೀರ್ಪು ಕೊಡೋ ನಾವ್ಯಾರು?

ಚಿಕಿತ್ಸಿ ಇಲ್ದ ಬಿಟ್ರ 100 ಮಕ್ಕಳಾಗ ಸುಮಾರು 25ಕ್ಕ ನರ ಕೆಡ್ತೈತಿ. 10 ದಿನದೊಳಗ ಇಮ್ಯುನೊಗ್ಲೋಬುಲಿನ್ ಏರಿಸಿದ್ರ ಅದು ನಾಕೈದಕ್ಕ ಇಳೀತೈತಿ. ಸಣ್ಣ ಉಬ್ಬು ಒಂದೆರಡು ವರ್ಷದಾಗ ಇಳದುಹೋಗೋದೂ ಐತಿ. ದೊಡ್ಡದು ಉಳೀತಂದ್ರ ಅಲ್ಲಿ ರಕ್ತ ಹೆಪ್ಪುಗಟ್ತೈತಿ, ವರ್ಷ ಹೋದಂಗ ನರ ಸಣ್ಣಾಗ್ತೈತಿ, ಹರೇದ ವಯಸ್ಸಿನ್ಯಾಗೇ ಹಾರ್ಟ್ ಅಟ್ಯಾಕ್ ಆಗಬಹುದು. ಹೊರಗಿಂದ ನೋಡಿದ್ರ ಕೂಸು ಕುಣಕೋಂತಾನೇ ಇರತೈತಿ! ಅದಕ್ಕೇ ಎಕೋ. ಆ ಆಸ್ಪಿರಿನ್ ಗುಳಿಗೀನೂ ರಕ್ತ ಹೆಪ್ಪುಗಟ್ಟಬಾರದಂತ. ಡಾಕ್ಟರು ಬಿಡಸಬೇಕು, ನೆರೆಮನಿಯವರಲ್ಲ. ಗುಳಿಗಿ ನಡದಾಗ ಫ್ಲೂ ಇಲ್ಲಾ ಅಮ್ಮ ಬಂದ್ರ ಅವತ್ತೇ ಡಾಕ್ಟರಿಗೆ ತಿಳಸಬೇಕು.

ಇನ್ನ ಮದಿವಿ ಮಾತು. ಮುಚ್ಚಿಟ್ಟು ಕೊಟ್ವಿ ಅಂತ ತಿಳ್ಕೋರಿ. ನಾಳೆ ಆಕಿ ಬಸರಾದಾಗ ಹೆರಿಗಿ ಡಾಕ್ಟರಿಗೆ ಯಾರು ಹೇಳೋರು? ಗೊತ್ತಿದ್ರ ಹಾರ್ಟಿನ ಡಾಕ್ಟರನ್ನ ಕೂಡಿಸ್ಕೊಂಡು ಸುಸೂತ್ರ ಹೆರಿಗಿ ಮಾಡಸ್ತಾರ. ಕುಬಸದ ಮನ್ಯಾಗ ಕುಂತು ಇದನ್ನ ಮುಚ್ಚಿಡ್ರಿ ಅಂತೀರಲ್ಲ, ಏನ್ ಹೇಳಲಿ ನಿಮಗ.

ಹುಡುಗಿ ಫೈಲು ಈಗ ನನ್ನ ಟ್ರಂಕಿನ್ಯಾಗ ಐತಿ, ರೇಷ್ಮಿ ಸೀರಿ ಮ್ಯಾಲೇ. ಬರೋ ತಿಂಗಳು ಕಲಬುರಗಿ ಜಯದೇವಕ್ಕ ಎಕೋ ಮಾಡಸಾಕ ಹೊಂಟೀವಿ. ಬಸ್ಸಿನ್ಯಾಗ ಕಿಟಕಿ ಸೀಟೇ ಬೇಕಂತ ಆಕಿ ಈಗಿಂದಲೇ ಜಗಳ ತಗದಾಳ.