ಖಾತೆಯ ಬೀಗದಕೈ ಖಾತೆದಾರನಲ್ಲಿಯೇ ಇರಲಿ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರಿಂದ)

ಜಮೀನಿನ ಖಾತೆಯ ವಿಷಯದಲ್ಲಿ ರೈತನು ಎಷ್ಟು ಜಾಗರೂಕನೆಂಬುದು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ತಿಳಿದದ್ದೇ ಆಗಿದೆ. ಗೇಣಗಲ ಬದುವಿಗಾಗಿ ಕಚೇರಿಯ ಮೆಟ್ಟಿಲು ಹತ್ತುವವರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಅದೇ ರೈತನು ಸರ್ಕಾರದ ಸರ್ವರಿನಲ್ಲಿರುವ ತನ್ನ ಖಾತೆಯ ಬೀಗದಕೈಯನ್ನು, ಎಂದರೆ ಪಾಸ್‌ವರ್ಡನ್ನೂ ಮೊಬೈಲ್ ನಂಬರನ್ನೂ, ಅನ್ಯರ ವಶಕ್ಕೆ ಬಿಟ್ಟು ನಿಶ್ಚಿಂತನಾಗಿರುವುದು ಆಶ್ಚರ್ಯಕರವಾಗಿದೆ.

ಈ ಖಾತೆಗಳು ಅಲ್ಪವೆಂದು ಯಾರೂ ಭಾವಿಸಕೂಡದು. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯ ವಾರ್ಷಿಕ 6000 ರೂಪಾಯಿಗಳು ಮೂರು ಕಂತುಗಳಲ್ಲಿ ಬರುವುದು ಇಂತಹ ನೋಂದಣಿಯ ಆಧಾರದ ಮೇಲೆಯೇ. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತನೇ ತನ್ನ ಬೆಳೆಯ ಚಿತ್ರವನ್ನು ಆ್ಯಪಿನ ಮೂಲಕ ಕಳುಹಿಸುವ ಏರ್ಪಾಡಾಯಿತು. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಗಳಿಗೆ ಆ ವಿವರವೇ ಆಧಾರ.

ಕೆಲವು ತಿಂಗಳ ಹಿಂದೆ ವೃದ್ಧ ರೈತನೊಬ್ಬನು ನನ್ನಲ್ಲಿಗೆ ಬಂದು, ತನ್ನ ಎರಡೆಕರೆ ರಾಗಿಯ ವಿವರವನ್ನು ಸೇರಿಸಲಾಗಲಿಲ್ಲವೆಂದು ಹೇಳಿಕೊಂಡನು. ವಿಚಾರಿಸಲಾಗಿ, ಖಾತೆಯನ್ನು ತೆರೆದುಕೊಟ್ಟ ಅಂಗಡಿಯವನು ತನ್ನ ನಂಬರನ್ನೇ ಬರೆದಿದ್ದನು. ಅಂಗಡಿ ಮುಚ್ಚಿತ್ತು, ನಂಬರೂ ನಿಂತುಹೋಗಿತ್ತು. ನಂಬರನ್ನು ತಿದ್ದಲು ಓಟಿಪಿ ಬೇಕು. ಓಟಿಪಿಯೋ ಹಳೆಯ ನಂಬರಿಗೇ ಹೋಗುವುದು! ಬೀಗದಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತು. ಮೂರು ಸಲ ಅಲೆದ ಮೇಲೆ ನಂಬರು ಬದಲಾಯಿತಾದರೂ ಅಷ್ಟರಲ್ಲಿ ಗಡುವು ಕಳೆದಿತ್ತು. ನಿಂತುಹೋದ ನಂಬರನ್ನು 90 ದಿನಗಳವರೆಗೆ ಮತ್ತೊಬ್ಬರಿಗೆ ಕೊಡುವುದಿಲ್ಲವೆಂದು ಟ್ರಾಯ್ ಸಂಸ್ಥೆಯವರು 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದ್ದಾರೆ. ಆ ಅವಧಿ ಕಳೆದ ಮೇಲೆ ಅಪರಿಚಿತನ ಕೈಗೆ ಓಟಿಪಿ ಸೇರಬಹುದೆಂಬುದನ್ನೂ ಯೋಚಿಸತಕ್ಕದ್ದು.

ಇದರಲ್ಲಿ ತಪ್ಪು ರೈತನೊಬ್ಬನದೇ ಅಲ್ಲ. ಸರ್ವರನ್ನು ಏರ್ಪಡಿಸುವವರು, ಖಾತೆದಾರನು ಪಾಸ್‌ವರ್ಡನ್ನೂ ನಂಬರನ್ನೂ ಯಾರ ಹಂಗೂ ಇಲ್ಲದೆ ತಾನೇ ಬದಲಾಯಿಸಿಕೊಳ್ಳುವ ದಾರಿಯನ್ನು ಮೊದಲೇ ಮಾಡಿಡಬೇಕೆಂಬುದು ನನ್ನ ಅಭಿಪ್ರಾಯ. ಹಳೆಯ ನಂಬರು ಇಲ್ಲದವನಿಗೆ ಆಧಾರಿನ ಬೆರಳಚ್ಚು ಅಥವಾ ಮುಖಚಿತ್ರದಿಂದ ಗುರುತು ಸಿದ್ಧಪಡಿಸುವ ಎರಡನೆಯ ದಾರಿಯೂ ಇರತಕ್ಕದ್ದು. ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡದೆ, ಹಿಂದಕ್ಕೆ ಬಿಡಿಸಲಾಗದ ಗುರುತಾಗಿ ಮಾರ್ಪಡಿಸಿ ಇಡಬೇಕು. ಹಿಟ್ಟಿನಿಂದ ಮತ್ತೆ ರಾಗಿಯ ಕಾಳು ಹೇಗೆ ದೊರೆಯದೋ ಹಾಗೆ. ಆಗ ಕಚೇರಿಯ ನೌಕರನಿಗೂ ಅದು ತಿಳಿಯದು. ಪಾಸ್‌ವರ್ಡ್ ಮರೆತವನನ್ನು ತಾಯಿಯ ತವರೂರು ಯಾವುದೆಂದು ಕೇಳುವ ಪದ್ಧತಿಯು ಹಳ್ಳಿಯಲ್ಲಿ ನಿರರ್ಥಕ, ಏಕೆಂದರೆ ಅದನ್ನು ಊರೆಲ್ಲ ಬಲ್ಲದು. ಅಮೆರಿಕದ ನಿಸ್ಟ್ ಸಂಸ್ಥೆಯೂ ಇಂತಹ ಪ್ರಶ್ನೆಗಳನ್ನು 2017ರ ತನ್ನ ನಿಯಮಗಳಲ್ಲಿ ಕೈಬಿಟ್ಟಿದೆ.

ಹೀಗೆ ಸ್ವಾತಂತ್ರ್ಯ ಕೊಟ್ಟರೆ ಮೋಸಗಾರರಿಗೆ ಅನುಕೂಲವಾದೀತೆಂದು ಕೆಲವರು ಆಕ್ಷೇಪಿಸಬಹುದು. ಬದಲಾವಣೆಯಾದ ಕೂಡಲೇ ಹಳೆಯ ಹೊಸ ನಂಬರುಗಳೆರಡಕ್ಕೂ ಸೂಚನೆ ಹೋಗಬೇಕು. ಯಾರು, ಯಾವಾಗ, ಏನನ್ನು ತಿದ್ದಿದರೆಂಬುದು ಅಳಿಸಲಾಗದಂತೆ ದಾಖಲಾಗಬೇಕು. ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿದ ಭೂಮಿ ಯೋಜನೆಯಲ್ಲಿ ಅಧಿಕಾರಿಗಳ ಬೆರಳಚ್ಚನ್ನು ಪಡೆಯುವ ಏರ್ಪಾಡಾದದ್ದು ಈ ಹೊಣೆಗಾರಿಕೆಗಾಗಿಯೇ. ಓದುಬರಹ ತಿಳಿಯದವರಿಗೆ ಸಹಾಯ ಮಾಡುವ ಮೇಜು ರೈತ ಸಂಪರ್ಕ ಕೇಂದ್ರಗಳಲ್ಲಿ ಅವಶ್ಯವಾಗಿ ಇರಲಿ. ಆದರೆ ಸಹಾಯಕನು ದಾರಿ ತೋರಿಸುವವನಾಗಿರಲಿ, ಬೀಗದಕೈಯ ಒಡೆಯನಾಗದಿರಲಿ.

ಮುಖಂಡರಲ್ಲಿಯೂ ಭೂಮಾಲೀಕರಲ್ಲಿಯೂ ನನ್ನದೊಂದು ಅರಿಕೆಯುಂಟು. ಉಪಕಾರಬುದ್ಧಿಯಿಂದಲೇ ಆದರೂ ನೆರೆಯವರ ಖಾತೆಗಳಿಗೆ ತಮ್ಮ ನಂಬರನ್ನಾಗಲಿ, ಗುಮಾಸ್ತರ ನಂಬರನ್ನಾಗಲಿ ಬರೆಯಿಸಬೇಡಿರಿ. ಹಾಗೆ ಈಗಾಗಲೇ ಬರೆಯಿಸಿದ್ದಲ್ಲಿ, ಬಿತ್ತನೆಯ ಗಡಿಬಿಡಿಗೆ ಮುಂಚೆಯೇ ಖಾತೆದಾರನನ್ನು ಕರೆದು ಅವನದೇ ನಂಬರನ್ನು ಹಾಕಿಸಿರಿ. ಓಟಿಪಿಯನ್ನು ಯಾರಿಗೂ ಹೇಳಕೂಡದೆಂದು ಮನೆಮನೆಗೂ ತಿಳಿಸಿರಿ. ಕಣಜದ ಬೀಗದಕೈಯನ್ನು ಯಾವ ಗೃಹಸ್ಥನೂ ದಾರಿಹೋಕನಿಗೆ ಕೊಡನು. ಈ ಖಾತೆಯೂ ಇಂದು ರೈತನ ಕಣಜವೇ ಆಗಿರುವುದರಿಂದ, ಅದನ್ನೂ ಅಷ್ಟೇ ಎಚ್ಚರಿಕೆಯಿಂದ ಕಾಪಾಡತಕ್ಕದ್ದು.