ಸೂಜಿ ಒಂದೇ, ನೀರು ಬೇರೆ



ಸರ್ಕಾರ ಕೊಡೋ ಚುಚ್ಚುಮದ್ದಿಗೆ ಜಾತಿ ಇಲ್ಲ. ಊರಗೌಡರ ಮಗುವಿಗೂ ಕೇರಿಯ ಕೂಲಿಯವಳ ಮಗುವಿಗೂ ಅದೇ ಔಷಧಿ, ಅದೇ ಅಳತೆ. ಈ ದೇಶದಲ್ಲಿ ನಮಗೆ ಸಮಸಮವಾಗಿ ಸಿಕ್ಕಿದ್ದನ್ನ ಬೆರಳಲ್ಲಿ ಎಣಿಸಬಹುದು, ಅದರಲ್ಲಿ ಇದೊಂದು. ಆದರೆ ಆ ಸೂಜಿ ಇಳಿಯೋದು ಒಂದು ಮೈಗೆ. ಆ ಮೈ ದಿನಾ ನೀರು ಕುಡೀತದೆ. ಆ ನೀರು ಎಲ್ಲರಿಗೂ ಒಂದೇ ಅಲ್ಲ. ಈ ಸಲ ಮಾತಾಡಬೇಕಾದದ್ದು ಇದರ ಬಗ್ಗೆ.

ಲಸಿಕೆ ಅಂದರೆ ಮೈಗೆ ಹೇಳಿಕೊಡೋ ಪಾಠ. ರೋಗಾಣುವಿನ ಒಂದು ತುಣುಕನ್ನೋ, ಸೊರಗಿಸಿದ ರೂಪವನ್ನೋ ತೋರಿಸಿ, 'ಇವನೇ ಕಳ್ಳ, ಗುರುತಿಟ್ಟುಕೋ' ಅನ್ನೋದು. ಪಾಠ ಕಲಿತ ಮೈ ಪ್ರತಿಕಾಯಗಳನ್ನು ತಯಾರು ಮಾಡ್ತದೆ. ರಕ್ತ ತೆಗೆದು ಅವನ್ನು ಅಳೆಯಬಹುದು. ಹಸಿದ ಹುಡುಗನಿಗೆ ಮೇಷ್ಟ್ರ ಪಾಠ ತಲೆಗೆ ಹತ್ತದ ಹಾಗೆ, ರಾಸಾಯನಿಕ ತುಂಬಿದ ಮೈಗೂ ಲಸಿಕೆಯ ಪಾಠ ಪೂರಾ ಹತ್ತದೇ ಹೋಗಬಹುದು. ಇದು ಕವಿಯ ಕಲ್ಪನೆ ಅಲ್ಲ, ಅಳೆದು ನೋಡಿದ ಮಾತು.

ಅಂಟದ ಬಾಣಲೆ, ನೆನೆಯದ ಬಟ್ಟೆ, ಬೆಂಕಿ ಆರಿಸೋ ನೊರೆ, ಇವಕ್ಕೆಲ್ಲ ಬಳಸುವ ಪಿ.ಎಫ್.ಎ.ಎಸ್. ಅನ್ನೋ ರಾಸಾಯನಿಕಗಳಿವೆ. ಇವು ಮಣ್ಣಲ್ಲಿ ಕೊಳೆಯೋದಿಲ್ಲ, ಮೈಯೊಳಗೆ ಸೇರಿದರೆ ವರ್ಷಗಟ್ಟಲೆ ರಕ್ತದಲ್ಲೇ ಕೂತಿರ್ತವೆ. ಉತ್ತರ ಅಟ್ಲಾಂಟಿಕ್ಕಿನ ಫೆರೋ ದ್ವೀಪಗಳ 587 ಮಕ್ಕಳ ಮೇಲೆ ಫಿಲಿಪ್ ಗ್ರಾಂಜಾ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2012ರಲ್ಲಿ ಅಚ್ಚಾಯಿತು. ಐದನೇ ವರ್ಷದಲ್ಲಿ ರಕ್ತದಲ್ಲಿ ಈ ರಾಸಾಯನಿಕ ಎರಡು ಪಟ್ಟು ಇದ್ದ ಮಕ್ಕಳಲ್ಲಿ, ಏಳನೇ ವರ್ಷಕ್ಕೆ ಗಂಟಲುಮಾರಿ ಮತ್ತು ಧನುರ್ವಾಯು ಲಸಿಕೆಯ ಪ್ರತಿಕಾಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಆ ಮಕ್ಕಳಿಗೆ ಅದು ಮುಖ್ಯವಾಗಿ ಬಂದದ್ದು ಸಮುದ್ರದ ಆಹಾರದಿಂದ.

ನೀರಿನಿಂದಲೇ ಬಂದ ಕತೆ ಅಮೆರಿಕದ ಒಹಾಯೊ ನದಿಯ ದಡದ್ದು. ಅಲ್ಲಿ ಪಾರ್ಕರ್ಸ್‌ಬರ್ಗ್ ಹತ್ತಿರ ಡ್ಯುಪಾಂಟ್ ಕಂಪನಿಯ ಕಾರ್ಖಾನೆ. ಅದು ಬಳಸಿದ ಸಿ-8 ಅನ್ನೋ ಪಿ.ಎಫ್.ಎ.ಎಸ್. ಸುತ್ತಲಿನ ಊರುಗಳ ನಲ್ಲಿ ಸೇರಿತು. ಕಂಪನಿಗೆ ಇದು 1984ರಲ್ಲೇ ಗೊತ್ತಿತ್ತು. ಕುಡಿಯೋ ಜನಕ್ಕೆ ಯಾರೂ ಹೇಳಲಿಲ್ಲ! ದನಗಳನ್ನು ಕಳಕೊಂಡ ರೈತ ವಿಲ್ಬರ್ ಟೆನೆಂಟ್ 1999ರಲ್ಲಿ ಕೋರ್ಟಿಗೆ ಹೋದ ಮೇಲೆ ಕಾಗದಗಳು ಹೊರಗೆ ಬಂದವು. ಆಮೇಲೆ ಜನ ಒಟ್ಟಾಗಿ ಹಾಕಿದ ದಾವೆಯ ರಾಜಿಯಿಂದಾಗಿ 2005-06ರಲ್ಲಿ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. ಅದೇ ಸೀಮೆಯ 411 ವಯಸ್ಕರಿಗೆ ಫ್ಲೂ ಲಸಿಕೆ ಕೊಟ್ಟು ನೋಡಿದಾಗ, ಸಿ-8 ಹೆಚ್ಚಿದ್ದವರಲ್ಲಿ ಒಂದು ತಳಿಯ ವೈರಸ್ಸಿಗೆ ಪ್ರತಿಕಾಯ ಕಮ್ಮಿ ಏರಿತ್ತು. ಎಲ್ಲ ತಳಿಗೂ ಹಾಗಾಗಿರಲಿಲ್ಲ. ಆದರೂ ಇಂಥ ಅಧ್ಯಯನಗಳನ್ನೆಲ್ಲ ತೂಗಿ ನೋಡಿದ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2022ರಲ್ಲಿ, ಪಿ.ಎಫ್.ಎ.ಎಸ್.ಗೂ ಪ್ರತಿಕಾಯ ಕುಗ್ಗುವುದಕ್ಕೂ ಸಂಬಂಧವಿದೆ ಅನ್ನಲು ಸಾಕಷ್ಟು ಆಧಾರವಿದೆ ಎಂದವು.

'ಅದು ಶ್ರೀಮಂತ ದೇಶದ ರೋಗ ಬಿಡ್ರಿ' ಅಂತ ಕೆಲವರು ಅನ್ನಬಹುದು. ಹಾಗಾದರೆ ಬಾಂಗ್ಲಾದೇಶ ನೋಡಿ. ಕೆರೆನೀರು ಕುಡಿದು ಮಕ್ಕಳು ವಾಂತಿಭೇದಿಯಲ್ಲಿ ಸಾಯೋದು ತಪ್ಪಲಿ ಅಂತ 1970ರ ದಶಕದಿಂದ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆದರು. ನೆಲದೊಳಗೆ ಪಾಷಾಣ, ಅಂದರೆ ಆರ್ಸೆನಿಕ್ ಇದ್ದದ್ದು 1990ರ ದಶಕದಲ್ಲಿ ಬಯಲಾಯಿತು. ಅಷ್ಟರಲ್ಲಿ ಕೋಟಿಗಟ್ಟಲೆ ಜನ ಅದನ್ನು ಕುಡಿದಾಗಿತ್ತು. ಅಲ್ಲಿನ ಮತ್ಲಬ್ ಸೀಮೆಯಲ್ಲಿ, ಮೈಯಲ್ಲಿ ಆರ್ಸೆನಿಕ್ ಹೆಚ್ಚಿದ್ದ ಒಂಬತ್ತು ವರ್ಷದ ಮಕ್ಕಳಿಗೆ ಮಂಗನಬಾವಿನ ಲಸಿಕೆ ಹಾಕಿದಾಗ ಪ್ರತಿಕಾಯ ಕಮ್ಮಿ ಕಂಡಿತು.

ಬಾಂಗ್ಲಾದ ಪಾಷಾಣ ನಮ್ಮ ನೆಲದಲ್ಲೂ ಇದೆ. ಹಟ್ಟಿ ಚಿನ್ನದ ಗಣಿಯ ಸೀಮೆಯ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿದೆ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರಿನ ನೀರು ಕುಡಿದ ಲಂಬಾಣಿ ಬಂಧುಗಳ ಚರ್ಮದ ಮೇಲೆ ಅದರ ಗುರುತು ಎದ್ದಿತು. ಚಿನ್ನ ಯಾರ ಕೊರಳಿಗೆ ಹೋಯ್ತು, ಪಾಷಾಣ ಯಾರ ಕೊರಳಿಗೆ ಇಳೀತು, ನೀವೇ ಯೋಚನೆ ಮಾಡಿ.

ಎರಡು ಮಾತು ಬಿಡಿಸಿ ಹೇಳಬೇಕು. ಒಂದು: 'ಕಾಯಿಸಿ ಕುಡೀರಿ' ಅಂತ ಹೇಳಿ ಕೈ ತೊಳಕೊಳ್ಳೋರು ಇದ್ದಾರೆ. ಕಾಯಿಸಿದರೆ ರೋಗಾಣು ಸಾಯ್ತದೆ, ಆರ್ಸೆನಿಕ್ ಸಾಯೋದಿಲ್ಲ. ನೀರು ಆವಿಯಾಗಿ ಹೋದಷ್ಟೂ ಅದು ಇನ್ನೂ ಗಟ್ಟಿಯಾಗ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಪರೀಕ್ಷೆ ಮಾಡದೆ ಗೊತ್ತಾಗೋದಿಲ್ಲ.

ಎರಡು: ಇದನ್ನು ಓದಿ ಯಾರಾದರೂ 'ಹಂಗಾದ್ರೆ ಲಸಿಕೆ ಯಾಕೆ ಹಾಕಿಸ್ಕೋಬೇಕು?' ಅಂದರೆ, ಅವರು ಪೂರಾ ತಪ್ಪು ತಿಳಿದಿದ್ದಾರೆ. ಪ್ರತಿಕಾಯ ಕಮ್ಮಿ ಆಯ್ತು ಅಂದರೆ ಲಸಿಕೆ ಸೋತಿತು ಅಂತಲ್ಲ. ಸೋರೋ ಮಾಡು ಅಂತ ಮನೆಯನ್ನೇ ಬಿಟ್ಟು ಮಳೆಯಲ್ಲಿ ನಿಲ್ತೀವಾ? ನೀರು ಕೆಟ್ಟ ಕಡೆ ಲಸಿಕೆ ಇನ್ನೂ ಹೆಚ್ಚು ಬೇಕು. ತಂಗಿ ತಮ್ಮಂದಿರ ಒಂದು ಡೋಸೂ ತಪ್ಪಬಾರದು. ಕೇರಿಯಲ್ಲಿ ಸೂಜಿಗೆ ಹೆದರೋ ತಾಯಂದಿರಿಗೆ ಓದಿದ ನಾವೇ ಹೋಗಿ ಹೇಳಬೇಕು.

1927ರಲ್ಲಿ ಮಹಾಡದ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರನ್ನು ಮುಟ್ಟೋ ಹಕ್ಕು ಕೇಳಿದರು. ಈಗ ಆ ಹಕ್ಕಿನ ಮುಂದಿನ ಹೆಜ್ಜೆ ನಮ್ಮದು: ನೀರಿನಲ್ಲಿ ಏನಿದೆ ಅಂತ ತಿಳಿಯೋ ಹಕ್ಕು. ಕುಡಿಯೋ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕವೇ ಹೇಳ್ತದೆ. ನಿಮ್ಮ ಹಾಸ್ಟೆಲ್ಲಿನ ಬೋರು, ನಿಮ್ಮ ಕೇರಿಯ ಟ್ಯಾಂಕು ಕೊನೆಗೆ ಯಾವಾಗ ಪರೀಕ್ಷೆ ಆಯಿತು? ವಾರ್ಡನ್ನರನ್ನು ಕೇಳಿ. ಪಂಚಾಯ್ತಿಯನ್ನು ಕೇಳಿ. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯಿರಿ. ಸೀಸೆ ತುಂಬಿಸಿಕೊಂಡು ಜಿಲ್ಲೆಯ ನೀರು ಪರೀಕ್ಷಾ ಲ್ಯಾಬಿಗೆ ಹೋಗಿ. ಫಲಿತಾಂಶವನ್ನು ಹಾಸ್ಟೆಲ್ ಗೋಡೆಗೆ ಅಂಟಿಸಿ.

ಒಹಾಯೊ ದಡದ ಜನ ಗಲಾಟೆ ಮಾಡಿದ್ದಕ್ಕೇ ಅವರ ರಕ್ತ ಅಳೆದರು. ಕೇಳದೆ ಕೂತರೆ ನಮ್ಮ ನೀರನ್ನು ಯಾರೂ ಅಳೆಯೋದಿಲ್ಲ. ತೋಳಿಗೆ ಸೂಜಿ ಸಿಕ್ಕಿದೆ. ಗಂಟಲಿಗೆ ಶುದ್ಧ ನೀರನ್ನು ಕೇಳೋಣ.